ಫ್ಯಾನಿನ ವಿಮಾನ ಹತ್ತಬಹುದೇ?

ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು 2023ರ ಆಗಸ್ಟ್ 31ರಂದು. ಬೆಂಗಳೂರಿನಿಂದ ಬಂದ ಇಂಡಿಗೊ ಸಂಸ್ಥೆಯ ಆ ವಿಮಾನದ ಎಂಜಿನ್ನುಗಳ ಮುಂದೆ ಉದ್ದನೆಯ ಎಲೆಗಳ ಫ್ಯಾನು ತಿರುಗುತ್ತಿತ್ತು. ಎಟಿಆರ್ 72 ಎಂಬುದು ಅದರ ಹೆಸರು. ತೀರ್ಥಹಳ್ಳಿ ತಾಲ್ಲೂಕು ಕುಪ್ಪಳಿಯ ಕುವೆಂಪು ಅವರ ಹೆಸರು ಹೊತ್ತ ನಿಲ್ದಾಣಕ್ಕೆ ಕೊನೆಗೂ ವಿಮಾನ ಬಂತೆಂಬ ಸಂತೋಷದ ಜೊತೆಗೇ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹೋಟೆಲು ಕಟ್ಟೆಗಳಲ್ಲಿ ಒಂದು ಅನುಮಾನವೂ ಹುಟ್ಟಿಕೊಂಡಿತು. 'ಫ್ಯಾನಿನ ವಿಮಾನವಂತೆ. ಹಳೇ ಕಾಲದ್ದಿರಬೇಕು. ಹತ್ತಬಹುದೋ?'

ಅನುಮಾನಕ್ಕೆ ಕಾರಣವಿಲ್ಲದಿರಲಿಲ್ಲ. ಅದೇ ವರ್ಷ ಫೆಬ್ರುವರಿ 27ರಂದು ಪ್ರಧಾನಿ ಸೋಗಾನೆ ನಿಲ್ದಾಣವನ್ನು ಉದ್ಘಾಟಿಸುವುದಕ್ಕೆ ಸುಮಾರು ಆರು ವಾರ ಮೊದಲು, ಜನವರಿ 15ರಂದು, ನೇಪಾಳದ ಪೋಖರಾದಲ್ಲಿ ಯೇತಿ ಏರ್‌ಲೈನ್ಸ್‌ನ ಎಟಿಆರ್ 72 ಉರುಳಿಬಿದ್ದು ಅದರಲ್ಲಿದ್ದ 72 ಮಂದಿಯೂ ಸತ್ತಿದ್ದರು. ಆ ವಿಮಾನ ವಾಲಿಕೊಂಡು ಬೀಳುವ ದೃಶ್ಯ ಎಲ್ಲರ ಮೊಬೈಲಿನಲ್ಲೂ ಹರಿದಾಡಿತ್ತು.

ಯಾವ ವಿಮಾನ ಹೆಚ್ಚು ಸುರಕ್ಷಿತ ಎಂಬ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಅದಕ್ಕೆ ಇಲ್ಲಿ ಎರಡು ಬಾರಿ ದೊಡ್ಡ ಬೆಲೆ ತೆತ್ತಿದ್ದೇವೆ. ಒಮ್ಮೆ ಬೆಂಗಳೂರಿನಲ್ಲಿ, ಇನ್ನೊಮ್ಮೆ ಘಟ್ಟದ ಕೆಳಗಿನ ಬಜಪೆಯಲ್ಲಿ. ಸೋಗಾನೆಯ ಫ್ಯಾನಿನ ವಿಚಾರಕ್ಕೆ ಬರುವ ಮುನ್ನ ಆ ಎರಡು ಊರುಗಳ ಕತೆ ತಿಳಿದಿರುವುದು ಒಳ್ಳೆಯದು.

ಬಜಪೆಯ ಗುಡ್ಡ

ಮಲೆನಾಡಿನ ಪಶ್ಚಿಮದ ಈ ತಾಲ್ಲೂಕುಗಳಿಗೆ ಬಹುಕಾಲ ವಿಮಾನವೆಂದರೆ ಬಜಪೆ, ಇಲ್ಲವೇ ಬೆಂಗಳೂರು. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು, ಹೊಸನಗರದವರು ಹುಲಿಕಲ್ ಘಾಟಿ ಇಳಿದು ಮಂಗಳೂರು ಸೇರಬೇಕಿತ್ತು. ಬಜಪೆಯಲ್ಲಿ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಡಿಸಿ-3 ಡಕೋಟಾ ವಿಮಾನದಲ್ಲಿ ಬಂದಿಳಿದರು. ಗುಡ್ಡದ ತಲೆ ತರಿದು ಮಾಡಿದ ರನ್‌ವೇ ಅದು. ಉದ್ದ ಸುಮಾರು 1,600 ಮೀಟರ್ ಮಾತ್ರ. ಅದರ ತುದಿ ದಾಟಿದರೆ ಕೆಳಗೆ ಕಮರಿ.

ಆ ರನ್‌ವೇಯಲ್ಲಿ ವರ್ಷಗಟ್ಟಲೆ ಓಡಾಡಿದ್ದು ಆವ್ರೊ. ಬ್ರಿಟನ್ನಿನಲ್ಲಿ ರೂಪುಗೊಂಡ ಈ ಫ್ಯಾನಿನ ವಿಮಾನವನ್ನು ಎಚ್‌ಎಎಲ್ ತನ್ನ ಕಾನ್ಪುರ ಘಟಕದಲ್ಲಿ ಕಟ್ಟುತ್ತಿತ್ತು. ಅಲ್ಲಿ ಕಟ್ಟಿದ ಮೊದಲ ಆವ್ರೊ 1961ರ ನವೆಂಬರ್‌ನಲ್ಲಿ ಹಾರಿತು. ಒಟ್ಟು 89 ವಿಮಾನಗಳು ಅಲ್ಲಿಂದ ಹೊರಬಂದವು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಒಂದು ಆವ್ರೊ ಮಳೆಯಿಂದ ಒದ್ದೆಯಾಗಿದ್ದ ಬಜಪೆಯ ರನ್‌ವೇಯಲ್ಲಿ ಇಳಿದು, ನಿಲ್ಲದೆ ಮುಂದಕ್ಕೆ ಜಾರಿ, ತುದಿಯನ್ನು ದಾಟಿ ನಿಂತಿತು. ಅಂದು ರಾಜ್ಯದ ಮಂತ್ರಿಯಾಗಿದ್ದ ವೀರಪ್ಪ ಮೊಯಿಲಿ ಅದರ ಪ್ರಯಾಣಿಕರಲ್ಲಿ ಒಬ್ಬರು. ಯಾರೂ ಸಾಯಲಿಲ್ಲ. ವಿಮಾನ ಮಾತ್ರ ಮತ್ತೆ ಹಾರುವ ಸ್ಥಿತಿಯಲ್ಲಿ ಉಳಿಯಲಿಲ್ಲ.

ಇದನ್ನು ಅದೃಷ್ಟವೆನ್ನಬಹುದು. ಅದೃಷ್ಟದ ಜೊತೆಗೆ ಸ್ವಲ್ಪ ಲೆಕ್ಕವೂ ಇದೆ. ಓಡುವ ವಾಹನದ ವೇಗ ಇಮ್ಮಡಿಯಾದರೆ ಅದನ್ನು ತಡೆದು ನಿಲ್ಲಿಸಲು ಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ಘಾಟಿಯಲ್ಲಿ ಲಾರಿ ಇಳಿಸುವವರಿಗೆ ಇದನ್ನು ಪುಸ್ತಕದಿಂದ ಹೇಳಬೇಕಾಗಿಲ್ಲ. ಫ್ಯಾನಿನ ವಿಮಾನ ಹಗುರ, ನಿಧಾನವಾಗಿ ಇಳಿಯುವಂಥದು. ಚಿಕ್ಕ ರನ್‌ವೇಯಲ್ಲಿ ತಪ್ಪಾದರೆ ಸರಿಪಡಿಸಿಕೊಳ್ಳಲು ಅದು ಒಂದಿಷ್ಟು ಹೆಚ್ಚು ಅವಕಾಶ ಕೊಡುತ್ತದೆ.

ಗಾಲ್ಫ್ ಮೈದಾನದ ಮಧ್ಯಾಹ್ನ

1990ರ ಫೆಬ್ರುವರಿ 14. ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಮಧ್ಯಾಹ್ನ ಒಂದು ಗಂಟೆ, ಶುಭ್ರ ಆಕಾಶ, ಎದುರಿಗೇ ರನ್‌ವೇ. ವಿಮಾನ ಏರ್‌ಬಸ್ ಎ-320. ಸಂಸ್ಥೆಯ ಕೈ ಸೇರಿ ಎರಡು ತಿಂಗಳಷ್ಟೇ ಆಗಿತ್ತು. ರನ್‌ವೇ ತಲುಪುವ ಮೊದಲೇ ಅದು ಗಾಲ್ಫ್ ಮೈದಾನದ ಹುಲ್ಲಿಗೆ ತಾಗಿ, ಪುಟಿದು, ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು.

ಎ-320 ಆಗ ಜಗತ್ತಿಗೇ ಹೊಸದು. ಅದು ಮೊದಲು ಹಾರಿದ್ದು 1987ರಲ್ಲಿ. ಪೈಲಟ್ ಕೈಯಲ್ಲಿ ಹಿಡಿದ ಕೋಲಿನಿಂದ ರೆಕ್ಕೆಯ ಪಟ್ಟಿಗಳಿಗೆ ತಂತಿ-ರಾಟೆಗಳ ನೇರ ಸಂಪರ್ಕ ಅದರಲ್ಲಿಲ್ಲ. ಪೈಲಟ್ ಕೇಳಿದ್ದನ್ನು ಕಂಪ್ಯೂಟರ್ ತಿಳಿದುಕೊಂಡು ವಿದ್ಯುತ್ ಸಂಕೇತದ ಮೂಲಕ ಮಾಡಿಸುತ್ತದೆ. 1988ರ ಜೂನ್‌ನಲ್ಲಿ ಫ್ರಾನ್ಸಿನ ಹಬ್ಸೈಮ್‌ನಲ್ಲಿ ಪ್ರದರ್ಶನ ಹಾರಾಟದ ವೇಳೆ ಒಂದು ಎ-320 ಮರಗಳೊಳಗೆ ನುಗ್ಗಿ ಮೂವರು ಸತ್ತಿದ್ದರು. ಅದರ ಬೆನ್ನಿಗೆ ಬೆಂಗಳೂರು. 'ಕಂಪ್ಯೂಟರ್ ವಿಮಾನ' ನಮ್ಮ ದೇಶಕ್ಕೆ ಬೇಕೇ ಎಂಬ ಕೂಗು ಎದ್ದಿತು. ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ-320ಗಳನ್ನೂ ನೆಲಕ್ಕೆ ಕಟ್ಟಿಹಾಕಿತು. ಅವುಗಳ ಖರೀದಿ ವ್ಯವಹಾರದ ಮೇಲೆ ಸಿಬಿಐ ತನಿಖೆಯೂ ಶುರುವಾಯಿತು. ಈ ಲೇಖಕ ಆಗ ಹುಟ್ಟಿರಲೂ ಇಲ್ಲ. ಆದರೆ ಹಿರಿಯರು ಇಂದಿಗೂ 'ಆ ಏರ್‌ಬಸ್' ಎಂದು ವಿಮಾನದ ಹೆಸರು ಹಿಡಿದೇ ದುರಂತವನ್ನು ನೆನೆಯುವುದನ್ನು ನೋಡಿದರೆ, ಜನರ ಮನಸ್ಸಿನಲ್ಲಿ ಅಪರಾಧಿ ಯಾರಾಗಿತ್ತು ಎಂಬುದು ತಿಳಿಯುತ್ತದೆ.

ತನಿಖೆ ನಡೆಸಿದವರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್. ಬಿಡಿಸಿ ನೋಡಿದಾಗ ಕಂಡದ್ದು ಹೀಗೆ. ಇಳಿಯುವ ಕೊನೆಯ ಹಂತದಲ್ಲಿ ವಿಮಾನ 'ಓಪನ್ ಡಿಸೆಂಟ್' ಎಂಬ ಸ್ಥಿತಿಯಲ್ಲಿತ್ತು. ಈ ಸ್ಥಿತಿಯಲ್ಲಿ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿ ಸುಮ್ಮನೆ ತಿರುಗುತ್ತಿರುತ್ತವೆ. ಎತ್ತರದಿಂದ ಬೇಗ ಇಳಿಯಲು ಅದು ಸರಿ, ನೆಲದ ಹತ್ತಿರಕ್ಕೆ ಅಲ್ಲ. ಅದರಿಂದ ಹೊರಬರಲು ಇಬ್ಬರು ಪೈಲಟ್‌ಗಳ ಮುಂದಿರುವ ಫ್ಲೈಟ್ ಡೈರೆಕ್ಟರುಗಳೂ ಆರಬೇಕಿತ್ತು. ಆರಿದ್ದು ಒಂದು ಮಾತ್ರ. 132 ನಾಟ್ ಇರಬೇಕಾಗಿದ್ದ ವೇಗ ಕುಸಿಯುತ್ತ 106 ನಾಟ್‌ಗೆ ಬಂತು, ಅಂದರೆ ಗಂಟೆಗೆ ಸುಮಾರು 245 ಕಿ.ಮೀ.ಯಿಂದ 196 ಕಿ.ಮೀ.ಗೆ. ನಾನೂರು ಅಡಿ, ಮುನ್ನೂರು ಅಡಿ, ಇನ್ನೂರು ಅಡಿ ಎಂದು ಯಂತ್ರ ಕೂಗಿ ಹೇಳುತ್ತಿತ್ತು. ಥ್ರಾಟಲ್ ಮುಂದಕ್ಕೆ ತಳ್ಳುವ ಹೊತ್ತಿಗೆ ಕಾಲ ಮೀರಿತ್ತು. ಪರಿಸ್ಥಿತಿಯ ಗಾಂಭೀರ್ಯವನ್ನು ಪೈಲಟ್‌ಗಳು ಅರಿಯದೇ ಹೋದದ್ದು, ಕೂಡಲೇ ಎಂಜಿನ್ ಶಕ್ತಿ ಏರಿಸದಿದ್ದದ್ದು ದುರಂತದ ಸಂಭವನೀಯ ಕಾರಣ ಎಂದಿತು ವರದಿ. ವಿಮಾನ ಆ ಸ್ಥಿತಿಗೆ ಹೋದದ್ದೇಕೆ ಎಂಬುದನ್ನು ಖಚಿತವಾಗಿ ಗುರುತಿಸಲು ಸಾಧ್ಯವಿಲ್ಲ ಎಂದೂ ಸೇರಿಸಿತು. ಇಳಿಯುವ ದರವನ್ನು ಹೊಂದಿಸಬೇಕಾದ ಗುಬ್ಬಿಯ ಬದಲು ಎತ್ತರದ ಗುಬ್ಬಿಯನ್ನು ತಿರುಗಿಸಿರಬಹುದು ಎಂಬ ಊಹೆ ಆಗಿನಿಂದಲೂ ಇದೆ.

ಹಾಗಾದರೆ ತಪ್ಪು ಮನುಷ್ಯರದೇ, ಯಂತ್ರದ್ದು ಏನೂ ಇಲ್ಲವೇ? ಅಷ್ಟು ಸರಳವಾಗಿ ಹೇಳಲಾಗದು. ಹಳೆಯ ವಿಮಾನಗಳಲ್ಲಿ ಎಂಜಿನ್ ಶಕ್ತಿ ತಾನಾಗಿ ಇಳಿದರೆ ಥ್ರಾಟಲ್ ಹಿಡಿಗಳೂ ಹಿಂದಕ್ಕೆ ಸರಿಯುತ್ತಿದ್ದವು. ಅಂಗೈಗೇ ಅದು ಗೊತ್ತಾಗುತ್ತಿತ್ತು. ಎ-320ರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಕೆಲಸ ಮಾಡುವಾಗ ಹಿಡಿಗಳು ಅಲುಗಾಡುವುದಿಲ್ಲ. ಪರದೆಯನ್ನು ನೋಡಿಯೇ ತಿಳಿಯಬೇಕು. 1992ರ ಜನವರಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ-320 ಬೆಟ್ಟಕ್ಕೆ ಬಡಿದು 87 ಮಂದಿ ಸತ್ತಾಗಲೂ ಇಂಥದೇ ಗೊಂದಲದ ಮೇಲೆ ಸಂದೇಹ ಬಿತ್ತು. ಇಳಿಯುವ ಕೋನ 3.3 ಡಿಗ್ರಿ ಎಂದು ಹೊಂದಿಸಲು ಹೋಗಿ, ನಿಮಿಷಕ್ಕೆ 3,300 ಅಡಿ ಎಂದು ಹೊಂದಿಸಿರಬಹುದು. ಎರಡೂ ಒಂದೇ ಕಿಟಕಿಯಲ್ಲಿ '33' ಎಂಬಂತೆ ಕಾಣುತ್ತಿದ್ದವು. ಆ ಬಳಿಕ ಏರ್‌ಬಸ್ ಅಂಕಿಗಳನ್ನು ಪೂರ್ತಿಯಾಗಿ ತೋರಿಸುವಂತೆ ಕಿಟಕಿಯನ್ನೇ ಬದಲಿಸಿತು. ಪೈಲಟ್‌ಗಳ ತರಬೇತಿಯೂ ಬದಲಾಯಿತು. ಅಂದು ಕಟ್ಟಿಹಾಕಿದ ವಿಮಾನವೇ ಇಂದು ಭಾರತದ ಆಕಾಶದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಹಾರುತ್ತಿರುವ ಬಗೆಯದು. ಬೆಂಗಳೂರಿನಿಂದ ದೆಹಲಿಗೋ ಮುಂಬಯಿಗೋ ಹೋಗುವವರು ಅದರ ಹೆಸರನ್ನೂ ಕೇಳದೆ ಹತ್ತಿ ಕೂರುತ್ತಾರೆ. ಒಂದು ವಿಮಾನ ಸುರಕ್ಷಿತವೆನಿಸಿಕೊಳ್ಳುವುದು ಕಾರ್ಖಾನೆಯಲ್ಲಿ ಅರ್ಧ ಮಾತ್ರ. ಉಳಿದರ್ಧ ಇಂಥ ಊರುಗಳ ಸಾವಿನ ಲೆಕ್ಕದಿಂದ ಬರುತ್ತದೆ. ಕಹಿಯಾದರೂ ನಿಜ.

ಬ್ರೇಕು ಸಾಲುತ್ತಿತ್ತು

ಬಜಪೆಗೆ ಹಿಂದಿರುಗೋಣ. ಹಳೆಯ ಚಿಕ್ಕ ರನ್‌ವೇ ಸಾಲದೆಂದು 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂತು. ಅದೂ ಗುಡ್ಡದ ಮೇಲೆಯೇ. 2010ರ ಮೇ 22ರ ಬೆಳಗಿನ ಜಾವ ಅದರ ಮೇಲೆ ಇಳಿದದ್ದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800. ಎರಡೂವರೆ ವರ್ಷವೂ ತುಂಬದ ವಿಮಾನ. ಜಗತ್ತಿನಲ್ಲೇ ಹೆಚ್ಚು ಬಳಕೆಯಲ್ಲಿದ್ದ, ಒಳ್ಳೆಯ ಹೆಸರಿದ್ದ ಮಾದರಿ. ಒಳಗಿದ್ದ 166 ಮಂದಿಯಲ್ಲಿ ಉಳಿದವರು 8. ಸತ್ತ 158 ಮಂದಿಯಲ್ಲಿ ಬಹುತೇಕರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು. ಕೊಲ್ಲಿಯಲ್ಲಿ ದುಡಿದು ರಜೆಗೆಂದು ಮನೆಗೆ ಬರುತ್ತಿದ್ದವರು, ಅವರ ಹೆಂಡತಿ ಮಕ್ಕಳು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆಯ ವರದಿ ಓದಿದರೆ ಎದೆ ಭಾರವಾಗುತ್ತದೆ. ರಾತ್ರಿಯ ಹಾರಾಟದಲ್ಲಿ ಕ್ಯಾಪ್ಟನ್ ಬಹುಹೊತ್ತು ನಿದ್ರಿಸಿದ್ದರು. ಕಾಕ್‌ಪಿಟ್ಟಿನ ಧ್ವನಿಮುದ್ರಿಕೆಯಲ್ಲಿ ಗೊರಕೆ ಕೇಳಿಸಿತ್ತು. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿದ್ದರಿಂದ ವಿಮಾನ ಕೆಳಗಿಳಿಯಲು ಆರಂಭಿಸಿದ್ದು ತಡವಾಯಿತು. ಬರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಅದು ಬಂತು. ಮರಳಿ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಬ್ರೇಕು ಹಾಕಿದ ಕ್ಯಾಪ್ಟನ್ ಮರುಕ್ಷಣ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹೊರಟರು. ರೆಕ್ಕೆ ರನ್‌ವೇ ಆಚೆಯ ಆಂಟೆನಾದ ಕಾಂಕ್ರೀಟ್ ಕಟ್ಟಡಕ್ಕೆ ಬಡಿಯಿತು, ವಿಮಾನ ಕಮರಿಗೆ ಉರುಳಿತು.

ಈ ವರದಿಯ ಒಂದು ಅಂಶ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅಷ್ಟು ತಡವಾಗಿ ನೆಲ ಮುಟ್ಟಿದ ಮೇಲೂ, ಮೇಲೇರುವ ಯತ್ನ ಮಾಡದೆ ಪೂರ್ತಿ ಬ್ರೇಕು ಹಾಕಿದ್ದರೆ ವಿಮಾನ ಕಮರಿಗೆ ಮುನ್ನವೇ ನಿಲ್ಲುತ್ತಿತ್ತು ಎಂದು ಲೆಕ್ಕ ಹಾಕಿ ತೋರಿಸಲಾಯಿತು. ಯಂತ್ರ ತನ್ನ ಪಾಲಿನದನ್ನು ಮಾಡಲು ಸಿದ್ಧವಿತ್ತು.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರ ರಾತ್ರಿ, ಅದೇ ಸಂಸ್ಥೆಯ ಅದೇ ಮಾದರಿಯ ವಿಮಾನ ಕೇರಳದ ಕರಿಪುರದಲ್ಲಿ, ಅಂಥದೇ ಗುಡ್ಡದ ಮೇಲಿನ ರನ್‌ವೇಯಲ್ಲಿ ಮಳೆಯ ನಡುವೆ ತಡವಾಗಿ ನೆಲ ಮುಟ್ಟಿ ಕೆಳಗೆ ಬಿತ್ತು. 21 ಮಂದಿ ಸತ್ತರು. ಅಲ್ಲಿ ಕ್ಯಾಪ್ಟನ್ ಕಡೆಯ ಗಾಜಿನ ವೈಪರ್ ಕೈಕೊಟ್ಟಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಮಲೆನಾಡಿನ ಮಳೆಯಲ್ಲಿ ವೈಪರ್ ನಿಂತ ಬಸ್ಸಿನಲ್ಲಿ ಘಾಟಿ ಇಳಿದವರಿಗೆ ಅದರ ಅರ್ಥ ವಿವರಿಸಬೇಕಿಲ್ಲ.

ಕೋಷ್ಟಕ ಹೇಳುವುದು, ಹೇಳದಿರುವುದು

ವಿಮಾನಗಳ ಸುರಕ್ಷತೆಯನ್ನು ಹೋಲಿಸುವ ಕೋಷ್ಟಕಗಳು ಇಲ್ಲವೆಂದಲ್ಲ. ಬೋಯಿಂಗ್ ಸಂಸ್ಥೆ ಪ್ರತಿವರ್ಷ ಒಂದನ್ನು ಪ್ರಕಟಿಸುತ್ತದೆ. ಹತ್ತು ಲಕ್ಷ ಹಾರಾಟಗಳಿಗೆ ಎಷ್ಟು ಮಾರಕ ಅಪಘಾತ ಎಂಬುದು ಅದರ ಅಳತೆಗೋಲು. ಎ-320 ಬಳಗ, 737-800 ಇರುವ ಬಳಗ ಎರಡಕ್ಕೂ ಈ ಅಂಕಿ 0.1ರ ಆಸುಪಾಸಿನಲ್ಲಿದೆ. ಅಂದರೆ ಸುಮಾರು ಒಂದು ಕೋಟಿ ಹಾರಾಟಕ್ಕೆ ಒಂದು. ಬೆಂಗಳೂರಿನಲ್ಲಿ ಬಿದ್ದದ್ದು, ಬಜಪೆಯಲ್ಲಿ ಬಿದ್ದದ್ದು, ಎರಡೂ ಸಮಸಮ! ಸೋಗಾನೆಯ ಎಟಿಆರ್ ಅದರಲ್ಲಿ ಇಲ್ಲವೇ ಇಲ್ಲ. ಆ ಕೋಷ್ಟಕ ಜೆಟ್‌ಗಳನ್ನು ಮಾತ್ರ ಎಣಿಸುತ್ತದೆ.

ಸಂಖ್ಯೆಗಳು ಮೋಸ ಮಾಡುವುದೂ ಉಂಟು. ಶಬ್ದಕ್ಕಿಂತ ವೇಗದ ಕಾಂಕಾರ್ಡ್ 1976ರಿಂದ 2000ರವರೆಗೆ ಒಬ್ಬ ಪ್ರಯಾಣಿಕನನ್ನೂ ಬಲಿ ತೆಗೆದುಕೊಂಡಿರಲಿಲ್ಲ. ಕೋಷ್ಟಕದಲ್ಲಿ ಅದರದು ಸೊನ್ನೆ. 2000ರ ಜುಲೈ 25ರಂದು ಪ್ಯಾರಿಸ್ ಬಳಿ ಒಂದು ಬಿತ್ತು. ಹಾರಿದ್ದೇ ಕಡಿಮೆಯಾದ್ದರಿಂದ ಒಂದೇ ದಿನದಲ್ಲಿ ಪಟ್ಟಿಯ ತೀರಾ ಕೆಳಗಿನ ಸಾಲಿಗೆ ಇಳಿಯಿತು. ಬೋಯಿಂಗ್ 787 ಕೂಡ 2011ರಿಂದ ಹದಿನಾಲ್ಕು ವರ್ಷ ಸೊನ್ನೆಯಲ್ಲೇ ಇತ್ತು, 2025ರ ಜೂನ್ 12ರಂದು ಅಹಮದಾಬಾದಿನಲ್ಲಿ 260 ಮಂದಿ ಸಾಯುವ ತನಕ.

ಹಾಗೆಂದು ಎಲ್ಲ ವಿಮಾನವೂ ಒಂದೇ, ತಪ್ಪೆಲ್ಲ ಪೈಲಟ್‌ಗಳದೇ ಎಂದು ತಯಾರಕರ ಪರ ವಾದಿಸುವುದೂ ಸರಿಯಲ್ಲ. ನಿಜವಾಗಿ ದೋಷವಿದ್ದ ವಿಮಾನಗಳಿದ್ದವು. ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ಕಾಮೆಟ್ 1954ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಬಾರಿ ಆಕಾಶದಲ್ಲೇ ಒಡೆಯಿತು. ಅದರ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡ ಏರಿಸಿ ಇಳಿಸಿ ಪರೀಕ್ಷಿಸಿದಾಗ, ಕಿಂಡಿಗಳ ಮೂಲೆಯಲ್ಲಿ ಲೋಹ ದಣಿದು ಸೀಳುವುದು ಕಂಡಿತು. 737 ಮ್ಯಾಕ್ಸ್ ಕತೆಯನ್ನು ಇನ್ನೂ ಯಾರೂ ಮರೆತಿಲ್ಲ. ಒಂದೇ ಒಂದು ಸಂವೇದಕದ ಮಾತು ನಂಬಿ ಮೂತಿಯನ್ನು ಕೆಳಕ್ಕೆ ಒತ್ತುವ ತಂತ್ರಾಂಶ. ಪೈಲಟ್‌ಗಳಿಗೆ ಅದು ಇದೆಯೆಂದೇ ಮೊದಲು ಸರಿಯಾಗಿ ತಿಳಿಸಿರಲಿಲ್ಲ. 2018ರಲ್ಲಿ ಇಂಡೊನೇಷ್ಯಾ, 2019ರಲ್ಲಿ ಇಥಿಯೋಪಿಯಾ, ಎರಡೂ ಸೇರಿ 346 ಸಾವು. 2019ರ ಮಾರ್ಚ್‌ನಲ್ಲಿ ಭಾರತವೂ ಮ್ಯಾಕ್ಸ್ ಹಾರಾಟ ನಿಲ್ಲಿಸಿತು. ಅದು ಇಲ್ಲಿ ಮತ್ತೆ ಹಾರಿದ್ದು 2021ರಲ್ಲಿ. 1990ರಲ್ಲಿ ಎ-320ನ್ನು ಕಟ್ಟಿಹಾಕಿದ್ದು ಅವಸರವೆನಿಸಿದರೆ, 2018ರಲ್ಲಿ ಮ್ಯಾಕ್ಸನ್ನು ಕಟ್ಟಿಹಾಕದೆ ಬಿಟ್ಟದ್ದು ಅದಕ್ಕಿಂತ ದೊಡ್ಡ ಪ್ರಮಾದ.

ಇನ್ನು ಫ್ಯಾನಿನ ವಿಚಾರ. ಮೊದಲು ವಯಸ್ಸನ್ನೇ ನೋಡೋಣ. 737ರ ಮೂಲ ವಿನ್ಯಾಸ ಹಾರಿದ್ದು 1967ರಲ್ಲಿ, ಎ-320 1987ರಲ್ಲಿ, ಎಟಿಆರ್ 72 1988ರಲ್ಲಿ. ಫ್ಯಾನಿನದೇ ಕಿರಿಯ ಜೀವ! ಅದರ ಈಗಿನ 600 ಮಾದರಿ ಬಳಕೆಗೆ ಬಂದದ್ದು 2011ರಲ್ಲಿ. ಒಳಗಿನ ಎಂಜಿನ್ ಕೂಡ ಜೆಟ್‌ನಂತೆಯೇ ಟರ್ಬೈನ್. ಅದರ ಶಕ್ತಿ ಫ್ಯಾನನ್ನು ತಿರುಗಿಸಲು ವಿನಿಯೋಗವಾಗುತ್ತದೆ, ಅಷ್ಟೆ. ಬೆಂಗಳೂರು–ಶಿವಮೊಗ್ಗದಂಥ ಸಣ್ಣ ದೂರಕ್ಕೆ ಇಂಧನ ಕಡಿಮೆ ಸಾಕು, 78 ಆಸನ ತುಂಬಿದರೆ ಸಂಸ್ಥೆಗೆ ಗಿಟ್ಟುತ್ತದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ್ದೂ ಎಟಿಆರ್‌ಗಳಿಂದಲೇ.

ಎಟಿಆರ್‌ಗೂ ತನ್ನದೇ ಕಪ್ಪು ಪುಟಗಳಿವೆ. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾದಲ್ಲಿ ರೆಕ್ಕೆಗೆ ಮಂಜುಗಡ್ಡೆ ಕಟ್ಟಿ ಒಂದು ಎಟಿಆರ್ 72 ಬಿತ್ತು, 68 ಮಂದಿ ಸತ್ತರು. ಅದು ವಿಮಾನದ್ದೇ ದೌರ್ಬಲ್ಯ. ಬಳಿಕ ರೆಕ್ಕೆಯ ಅಂಚಿನಲ್ಲಿ ಹಿಮ ಒಡೆಯುವ ರಬ್ಬರ್ ಪಟ್ಟಿಗಳನ್ನು ಹಿರಿದುಮಾಡಿದರು. 2015ರಲ್ಲಿ ತೈವಾನಿನಲ್ಲಿ ಒಂದು ಎಂಜಿನ್ ಶಕ್ತಿ ಕಳೆದುಕೊಂಡಾಗ ಪೈಲಟ್ ಸರಿಯಿದ್ದ ಇನ್ನೊಂದನ್ನು ನಿಲ್ಲಿಸಿಬಿಟ್ಟರು. ಪೋಖರಾದಲ್ಲಿ ಆದದ್ದು ಮತ್ತೆ ಗುಬ್ಬಿ-ಹಿಡಿಗಳ ಕತೆ. ರೆಕ್ಕೆಯ ಫ್ಲ್ಯಾಪ್ ಇಳಿಸುವ ಹಿಡಿಯ ಬದಲು ಫ್ಯಾನಿನ ಎಲೆಗಳ ಕೋನ ಬದಲಿಸುವ ಹಿಡಿಗಳನ್ನು ಸರಿಸಿದರು. ದೋಣಿಯ ಹುಟ್ಟನ್ನು ಅಗಲ ಹಿಡಿಯದೆ ಅಂಚಿನಿಂದ ನೀರು ಸೀಳಿದರೆ ದೋಣಿ ಮುಂದೆ ಹೋಗದಲ್ಲ, ಹಾಗೆ ಫ್ಯಾನು ಗಾಳಿಯನ್ನು ತಳ್ಳುವುದನ್ನೇ ನಿಲ್ಲಿಸಿತು. ಎರಡೂ ಎಂಜಿನ್ ಸರಿಯಾಗಿಯೇ ಇದ್ದವು. 33 ವರ್ಷ ಹಿಂದೆ ಬೆಂಗಳೂರಿನ ಬಗ್ಗೆ ಮಾಡಿದ ಊಹೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹೀಗಾಗಿ ತೀರ್ಥಹಳ್ಳಿಯ ಪ್ರಯಾಣಿಕರು ಕೇಳಬೇಕಾದ ಪ್ರಶ್ನೆ ಫ್ಯಾನೋ ಜೆಟ್ಟೋ ಎಂಬುದಲ್ಲ. ಪೈಲಟ್‌ಗೆ ನಿದ್ರೆ ಸಿಕ್ಕಿದೆಯೇ, ಮರಳಿ ಮೇಲೇರಿದರೆ ಸಂಸ್ಥೆ ಗದರಿಸುತ್ತದೆಯೇ, ಕೆಳಗೆ ರಾಡಾರ್ ಸರಿಯಿದೆಯೇ, ರನ್‌ವೇ ಎಷ್ಟು ಉದ್ದ. ಕೊನೆಯದಕ್ಕೆ ಸೋಗಾನೆಯಲ್ಲಿ ಒಳ್ಳೆಯ ಉತ್ತರವಿದೆ. ಅಲ್ಲಿನ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಆವ್ರೊ ಇಳಿಯುತ್ತಿದ್ದ ಬಜಪೆಯ ಹಳೆಯ ರನ್‌ವೇಯ ಸುಮಾರು ಎರಡರಷ್ಟು. ತುದಿಯಲ್ಲಿ ಕಮರಿಯಿಲ್ಲ.

ಸುರಕ್ಷತೆ ಬೇರೆ, ಹೇಳಿದ ಹೊತ್ತಿಗೆ ತಲುಪಿಸುವ ಭರವಸೆ ಬೇರೆ. ಎರಡನ್ನೂ ಒಂದೇ ಎಂದು ತಿಳಿಯುವುದು ವಾಡಿಕೆ. ಹೊಸ ಎ-320 ನಿಯೊ ವಿಮಾನಗಳ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳ ತೊಂದರೆಯಿಂದ ಹಲವು ವಿಮಾನಗಳು ನೆಲದಲ್ಲೇ ಉಳಿದವು. 2023ರ ಮೇನಲ್ಲಿ ಗೋ ಫಸ್ಟ್ ಸಂಸ್ಥೆ ಅದನ್ನೇ ಕಾರಣ ಹೇಳಿ ಹಾರಾಟ ನಿಲ್ಲಿಸಿತು. ಆದರೆ ಆ ಎಂಜಿನ್‌ಗಳಿಂದ ಭಾರತದಲ್ಲಿ ಒಬ್ಬ ಪ್ರಯಾಣಿಕನೂ ಸಾಯಲಿಲ್ಲ. ನೆಲದಲ್ಲಿ ನಿಂತ ವಿಮಾನ ಯಾರನ್ನೂ ಕೊಲ್ಲುವುದಿಲ್ಲ, ಯಾರನ್ನೂ ಊರಿಗೂ ತಲುಪಿಸುವುದಿಲ್ಲ.

ಸೋಗಾನೆಯಲ್ಲಿ ಈ ಭರವಸೆಯನ್ನು ಕೆಡಿಸಿದ್ದು ಮಾತ್ರ ಫ್ಯಾನಲ್ಲ, ಮಲೆನಾಡಿನ ಮಂಜು ಮತ್ತು ಮೋಡ. ಆರಂಭದಲ್ಲಿ ಅಲ್ಲಿ ರಾತ್ರಿ ಇಳಿಯುವ ಸೌಲಭ್ಯವಿರಲಿಲ್ಲ. ಮಸುಕಿನಲ್ಲೂ ರನ್‌ವೇಗೆ ದಾರಿ ತೋರುವ ರೇಡಿಯೊ ಉಪಕರಣವೂ ಇರಲಿಲ್ಲ. ಪೈಲಟ್ ಕಣ್ಣಿಗೆ ರನ್‌ವೇ ಕಾಣಲೇಬೇಕಿತ್ತು. ಕಾಣದ ದಿನ ವಿಮಾನ ತಲೆಯ ಮೇಲೆ ಸುತ್ತಿ ಬೆಂಗಳೂರಿಗೆ ವಾಪಸಾಗುತ್ತಿತ್ತು, ಇಲ್ಲವೇ ಹೊರಡುತ್ತಲೇ ಇರಲಿಲ್ಲ. ಅಂಥ ದಿನ ಬ್ಯಾಗು ಹಿಡಿದು ನಿಲ್ದಾಣಕ್ಕೆ ಬಂದ ಸಾಗರದವರು ಗೊಣಗುತ್ತ ತಾಳಗುಪ್ಪದಿಂದ ಬರುವ ರೈಲನ್ನೋ ರಾತ್ರಿಯ ಬಸ್ಸನ್ನೋ ಹಿಡಿದು ಬೆಂಗಳೂರು ಸೇರಬೇಕಾಗುತ್ತಿತ್ತು.